ಮೊದಲ ಆಲ್ಬಂ ಗೆಲ್ಲಲು ಆಗ ಒಂದು ವರ್ಷ ಸಿಗುತ್ತಿತ್ತು, ಈಗ ಒಂದು ವಾರ

1987ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಬಿಲ್‌ಬೋರ್ಡ್ 200 ಎಂಬ, ವಾರವಾರ ಬರುವ ಆಲ್ಬಂಗಳ ಪಟ್ಟಿಯ ತಳದಲ್ಲಿ ಒಂದು ಹೊಸ ಹೆಸರು ಕಾಣಿಸಿಕೊಂಡಿತು. ಜಾಗ 182. ಬ್ಯಾಂಡ್ ಗನ್ಸ್ ಎನ್ ರೋಸಸ್, ಆಲ್ಬಂ 'ಅಪೆಟೈಟ್ ಫಾರ್ ಡಿಸ್ಟ್ರಕ್ಷನ್'. ಜುಲೈ 21ರಂದು ಬಿಡುಗಡೆಯಾಗಿದ್ದ ಅವರ ಮೊದಲ ಆಲ್ಬಂ ಅದು. ಪಟ್ಟಿಯೊಳಗೆ ಕಾಲಿಡಲಿಕ್ಕೇ ಒಂದು ತಿಂಗಳು ಹಿಡಿದಿತ್ತು. ಒಂದನೇ ಜಾಗ ಮುಟ್ಟಿದ್ದು 1988ರ ಆಗಸ್ಟ್ 6ರ ಪಟ್ಟಿಯಲ್ಲಿ. ಬಿಡುಗಡೆಯಾಗಿ ಆಗಲೇ ವರ್ಷ ದಾಟಿತ್ತು. ಮುಂದೆ ಅಮೆರಿಕ ಒಂದರಲ್ಲೇ ಅದಕ್ಕೆ 1.8 ಕೋಟಿ ಪ್ರತಿಗಳ ಪ್ರಮಾಣಪತ್ರ ಸಿಕ್ಕಿತು. ಜಗತ್ತಿನ ಲೆಕ್ಕ ಸುಮಾರು 3 ಕೋಟಿ.

ಇವತ್ತು ಹೊಸ ರಾಕ್ ಬ್ಯಾಂಡ್ ಒಂದರ ಆಲ್ಬಂ 182ರಲ್ಲಿ ಶುರುವಾದರೆ ಎರಡನೇ ವಾರ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಂಪನಿಯವರೂ ಮಾತಾಡುವುದಿಲ್ಲ. ರಾಕ್ ಸಂಗೀತದ ಕಾಲ ಮುಗಿಯಿತು, ಈಗಿನ ಹುಡುಗರಿಗೆ ಗಿಟಾರ್ ಬೇಡ ಎಂದು ಸುಲಭವಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹೊಸ ಬ್ಯಾಂಡ್‌ಗಳೂ ಇವೆ, ಕೇಳುವವರೂ ಇದ್ದಾರೆ. ಕೈತಪ್ಪಿ ಹೋಗಿರುವುದು ಸಮಯ. ಒಂದು ಮೊದಲ ಆಲ್ಬಂ ಊರೂರು ಸುತ್ತಿ, ಬಾಯಿಂದ ಬಾಯಿಗೆ ಹರಡಿ, ನಿಧಾನವಾಗಿ ಮೇಲೇರಲು ಬೇಕಾಗುವ ಸಮಯ. ಅದು ಯಾಕೆ ಹೋಯಿತು ಎಂದು ತಿಳಿಯಬೇಕಾದರೆ, 182ರಿಂದ 1ರವರೆಗೆ ಆ ಆಲ್ಬಂ ಹೇಗೆ ನಡೆದು ಬಂತು ಎಂದು ಮೊದಲು ನೋಡಬೇಕು.

ಗೆಫೆನ್ ರೆಕಾರ್ಡ್ಸ್ ಕಂಪನಿಯ ಟಾಮ್ ಝೂಟಾಟ್ 1986ರಲ್ಲಿ ಈ ಬ್ಯಾಂಡ್‌ನ ಸಹಿ ಹಾಕಿಸಿಕೊಂಡರು. ಲಾಸ್ ಏಂಜಲೀಸ್‌ನ ಕ್ಲಬ್‌ಗಳಲ್ಲಿ ಐವರಿಗೂ ಆಗಲೇ ಹೆಸರಿತ್ತು. ಆಕ್ಸಲ್ ರೋಸ್ ಹಾಡುಗಾರ, ಸ್ಲ್ಯಾಶ್ ಮತ್ತು ಇಝಿ ಸ್ಟ್ರಾಡ್ಲಿನ್ ಗಿಟಾರ್, ಡಫ್ ಮೆಕೇಗನ್ ಬೇಸ್, ಸ್ಟೀವನ್ ಆಡ್ಲರ್ ಡ್ರಮ್ಸ್. ನಿರ್ಮಾಪಕ ಮೈಕ್ ಕ್ಲಿಂಕ್. ಆಲ್ಬಂಗೆ ಸುಮಾರು 3.7 ಲಕ್ಷ ಡಾಲರ್ ಖರ್ಚಾಯಿತು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಮುಖಪುಟಕ್ಕೆ ಹಾಕಿದ್ದ ರಾಬರ್ಟ್ ವಿಲಿಯಮ್ಸ್ ಅವರ ಚಿತ್ರ ನೋಡಿ ಕೆಲವು ಅಂಗಡಿಗಳು ಆಲ್ಬಂ ಇಟ್ಟುಕೊಳ್ಳಲು ಒಪ್ಪಲಿಲ್ಲ. ಶಿಲುಬೆಯ ಮೇಲೆ ಐದು ತಲೆಬುರುಡೆಗಳಿರುವ, ಈಗ ಎಲ್ಲರಿಗೂ ಗೊತ್ತಿರುವ ಚಿತ್ರ ಬಂದದ್ದು ಆಮೇಲೆ. ರೇಡಿಯೋದವರು ಹಾಡು ಹಾಕಲಿಲ್ಲ. ಹಾಡಿನ ವಿಡಿಯೋಗಳ ಟಿವಿ ವಾಹಿನಿ ಎಂಟಿವಿಯೂ 'ವೆಲ್ಕಮ್ ಟು ದ ಜಂಗಲ್' ವಿಡಿಯೋ ಹಾಕಲು ಹಿಂದೇಟು ಹಾಕಿತು.

ಮಾರಾಟ ಸುಮಾರು 2 ಲಕ್ಷದ ಹತ್ತಿರ ಬಂದು ನಿಂತುಬಿಟ್ಟಿತು. ಕಂಪನಿ ಇಲ್ಲಿಗೆ ಕೈಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಝೂಟಾಟ್ ಮಾತ್ರ ಬಿಡಲಿಲ್ಲ. ಮಾಲೀಕ ಡೇವಿಡ್ ಗೆಫೆನ್ ಅವರ ಬಳಿ ಹೋಗಿ ಕೂತರು. ಗೆಫೆನ್ ಸ್ವತಃ ಎಂಟಿವಿಗೆ ಹೇಳಿ, ಒಂದೇ ಒಂದು ಸಲ ಆ ವಿಡಿಯೋ ಹಾಕಿ ಎಂದು ಕೇಳಿದರು. ಎಂಟಿವಿ ಅದನ್ನು ಹಾಕಿದ್ದು ಊರೆಲ್ಲ ಮಲಗಿರುವ ಹೊತ್ತಿನಲ್ಲಿ. ಆದರೂ ಎದ್ದಿದ್ದವರು ಫೋನ್ ಮೇಲೆ ಫೋನ್ ಮಾಡಿ ಇನ್ನೊಮ್ಮೆ ಹಾಕಿ ಎಂದು ಕೇಳಿದರು. ಅಲ್ಲಿಂದ ಗಾಳಿ ತಿರುಗಿತು.

ಈ ಕಥೆಯನ್ನು ಅದೃಷ್ಟದ ಕಥೆ ಎಂದು ಹೇಳುವವರೇ ಜಾಸ್ತಿ. ನನಗೆ ಮುಖ್ಯ ಅನ್ನಿಸುವುದು ಬೇರೆ ಸಂಗತಿ. ಆ ಫೋನ್ ಕರೆಗಳು ಬರುವ ಹೊತ್ತಿಗೆ ಬ್ಯಾಂಡ್ ರಸ್ತೆಯ ಮೇಲೇ ಇತ್ತು. ದ ಕಲ್ಟ್, ಮಾಟ್ಲಿ ಕ್ರೂ, ಆಲಿಸ್ ಕೂಪರ್, ಐರನ್ ಮೇಡನ್, ಕೊನೆಗೆ 1988ರ ಬೇಸಿಗೆಯಲ್ಲಿ ಏರೋಸ್ಮಿತ್. ಒಬ್ಬರಾದ ಮೇಲೆ ಒಬ್ಬರಂತೆ ದೊಡ್ಡ ಬ್ಯಾಂಡ್‌ಗಳ ಶೋಗೆ ಮುನ್ನ ವೇದಿಕೆ ಹತ್ತಿ ನುಡಿಸುತ್ತ ಹೋದರು. ಬೇರೆಯವರ ಅಭಿಮಾನಿಗಳ ಮುಂದೆ ನಿಂತು, ಅವರಲ್ಲಿ ಒಂದಷ್ಟು ಜನರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವ ಕೆಲಸ ಅದು. ತಿಂಗಳುಗಟ್ಟಲೆ ನಡೆಯಿತು. ಅಷ್ಟು ದಿನವೂ ಆಲ್ಬಂ ಅಂಗಡಿಯಲ್ಲಿತ್ತು, ಕಂಪನಿ ಖರ್ಚು ಮಾಡುತ್ತಲೇ ಇತ್ತು.

ಕೊನೆಗೆ ಬಾಗಿಲು ತೆರೆದದ್ದು 'ಸ್ವೀಟ್ ಚೈಲ್ಡ್ ಓ ಮೈನ್'. ಹಾಡಿನ ಆರಂಭ ಒಮ್ಮೆ ಗಮನವಿಟ್ಟು ಕೇಳಿ. ಒಂದೇ ಗಿಟಾರ್. ಎಂಟು ಸ್ವರಗಳ ಒಂದು ಸುತ್ತು. ಒಂದೊಂದು ಸುತ್ತೂ ಎರಡೆರಡು ಸಲ ಬರುತ್ತದೆ. ಪ್ರತಿ ಜೋಡಿಯಲ್ಲೂ ತಳದ ಮೊದಲ ಸ್ವರ ಮಾತ್ರ ಬದಲಾಗುತ್ತದೆ, ಮೇಲಿನ ಏಳು ಹಾಗೇ ಇರುತ್ತವೆ. ಅಷ್ಟೇ. ಸ್ಲ್ಯಾಶ್ ಬೆರಳು ಸಡಿಲ ಮಾಡಿಕೊಳ್ಳಲು ಸುಮ್ನೆ ನುಡಿಸುತ್ತಿದ್ದ ತುಣುಕು ಅದು. ಇಝಿ ಅದರ ಕೆಳಗೆ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳನ್ನು ಜೋಡಿಸಿದರು, ಆಕ್ಸಲ್ ಅದನ್ನು ಕೇಳಿಸಿಕೊಂಡು ಸಾಲು ಬರೆದರು. ಡಫ್ ಅವರ ಬೇಸ್ ಒಳಗೆ ಬರುವ ಜಾಗವಂತೂ ತಾನೇ ಒಂದು ಹಾಡಿನ ಹಾಗಿದೆ. ಒಮ್ಮೆ ಕೇಳಿದವರು ಮರೆಯುವ ಮಾತೇ ಇಲ್ಲ. ಆರು ನಿಮಿಷಕ್ಕೆ ಹತ್ತಿರದ ಈ ಹಾಡಿನಿಂದ ಗಿಟಾರ್ ಸೋಲೋದ ಒಂದಷ್ಟು ಭಾಗ ಕತ್ತರಿಸಿ ರೇಡಿಯೋಗೆ ಕೊಟ್ಟರು. ಬ್ಯಾಂಡ್‌ಗೆ ಅದು ಇಷ್ಟವಿರಲಿಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಹಾಡು ಬಿಡಿ ಹಾಡುಗಳ ಹಾಟ್ 100 ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಅಂದರೆ ಈ ಆಲ್ಬಂನ ಅತಿ ದೊಡ್ಡ ಹಾಡು ಜನರಿಗೆ ಮುಟ್ಟಿದ್ದೇ ಆಲ್ಬಂ ಬಂದು ಒಂದು ವರ್ಷದ ಮೇಲೆ.

ಇನ್ನು ದುಡ್ಡಿನ ವಿಷಯ. ಆಲ್ಬಂ ಲಕ್ಷಗಟ್ಟಲೆ ಮಾರಾಟವಾದ ಕೂಡಲೇ ಬ್ಯಾಂಡ್ ಶ್ರೀಮಂತವಾಯಿತು ಎಂದುಕೊಳ್ಳುತ್ತೇವೆ ಅಲ್ವಾ? ಒಪ್ಪಂದ ಹಾಗೆ ನಡೆಯುವುದಿಲ್ಲ. ಕಂಪನಿ ಮೊದಲು ಮುಂಗಡ ಕೊಡುತ್ತದೆ. ಅದು ಬಹುಮಾನವಲ್ಲ, ಸಾಲದಂಥದ್ದು. ಸ್ಟುಡಿಯೋ ಖರ್ಚು, ನಿರ್ಮಾಪಕರ ಸಂಭಾವನೆ, ವಿಡಿಯೋ ಖರ್ಚಿನ ಒಂದು ಪಾಲು, ಟೂರ್‌ಗೆ ಕೊಟ್ಟ ನೆರವು, ಎಲ್ಲವೂ ಬ್ಯಾಂಡ್‌ನ ಖಾತೆಗೆ ಬೀಳುತ್ತದೆ. ಬ್ಯಾಂಡ್‌ಗೆ ಬರಬೇಕಾದ ರಾಯಲ್ಟಿಯಿಂದಲೇ, ಅಂದರೆ ಮಾರಾಟದಲ್ಲಿ ಅದರ ಪಾಲಿನಿಂದಲೇ ಅದು ತೀರಬೇಕು.

ಒಂದು ಲೆಕ್ಕ ಹಾಕೋಣ. ಒಂದು ಬ್ಯಾಂಡ್‌ನ ಖಾತೆಯಲ್ಲಿ 3 ಲಕ್ಷ ಡಾಲರ್ ಬಾಕಿ ಇದೆ ಎಂದು ಇಟ್ಟುಕೊಳ್ಳಿ. ಒಂದು ಪ್ರತಿ ಮಾರಿದರೆ ಬ್ಯಾಂಡ್‌ನ ಪಾಲು 1 ಡಾಲರ್, ಕಂಪನಿಯ ಪಾಲು 4 ಡಾಲರ್ ಎಂದುಕೊಳ್ಳಿ. 3 ಲಕ್ಷ ಪ್ರತಿ ಮಾರಾಟವಾಗುವವರೆಗೆ ಬ್ಯಾಂಡ್‌ಗೆ ರಾಯಲ್ಟಿಯ ಒಂದು ಡಾಲರೂ ಬರುವುದಿಲ್ಲ. ಕಂಪನಿಯ ಕೈಗೆ ಅಷ್ಟರಲ್ಲಿ 12 ಲಕ್ಷ ಡಾಲರ್ ಬಂದಿರುತ್ತದೆ, ಜೊತೆಗೆ ಬ್ಯಾಂಡ್‌ನ ಪಾಲಿನಿಂದ ಹಿಡಿದುಕೊಂಡ 3 ಲಕ್ಷ. ಕಂಪನಿಗೂ ಪ್ರಚಾರ, ಸಾಗಣೆ, ಸಂಬಳದ ಖರ್ಚು ಇರುತ್ತದೆ, ನಿಜ. ಹತ್ತು ಬ್ಯಾಂಡ್‌ಗಳ ಮೇಲೆ ಹಣ ಹೂಡಿದರೆ ಹೆಚ್ಚಿನವು ಮುಳುಗುತ್ತವೆ, ಗೆದ್ದ ಒಂದೆರಡು ಉಳಿದವನ್ನೆಲ್ಲ ಹೊರಬೇಕು ಎಂಬ ಅವರ ವಾದವೂ ಸುಳ್ಳಲ್ಲ. ಆದರೆ ಆಲ್ಬಂ ಗೆಲ್ಲುವುದೂ ಬ್ಯಾಂಡ್ ಗೆಲ್ಲುವುದೂ ಒಂದೇ ದಿನ ಆಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇದಕ್ಕೆ ಬಾಸ್ಟನ್ ಬ್ಯಾಂಡ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಟಾಮ್ ಶೋಲ್ಜ್ ಎಂಐಟಿಯಲ್ಲಿ ಓದಿದ ಎಂಜಿನಿಯರ್, ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ. ಹಗಲು ಕೆಲಸ, ರಾತ್ರಿ ಮನೆಯ ನೆಲಮಾಳಿಗೆಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಹೆಚ್ಚಿನ ವಾದ್ಯಗಳನ್ನು ಒಂದೊಂದಾಗಿ ತಾವೇ ನುಡಿಸಿ, ಒಂದರ ಮೇಲೊಂದು ಪದರ ಹಾಕುತ್ತಿದ್ದರು. ಹಾಡಲು ಬ್ರಾಡ್ ಡೆಲ್ಪ್. ಎಪಿಕ್ ಕಂಪನಿ ಆ ಡೆಮೋ, ಅಂದರೆ ಮಾದರಿ ರೆಕಾರ್ಡಿಂಗ್ ಮೆಚ್ಚಿತು, ಆದರೆ ಆಲ್ಬಂ ಅನ್ನು ವೃತ್ತಿಪರ ಸ್ಟುಡಿಯೋದಲ್ಲಿ ಹೊಸದಾಗಿ ಮಾಡಬೇಕು ಎಂದಿತು. ನಿರ್ಮಾಪಕ ಜಾನ್ ಬಾಯ್ಲನ್ ಮತ್ತು ಶೋಲ್ಜ್ ಸೇರಿ ಒಂದು ಉಪಾಯ ಹೂಡಿದರು. ಬಾಯ್ಲನ್ ಉಳಿದವರನ್ನು ಕರೆದುಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ಕಂಪನಿಯ ಕಣ್ಣು ಅಲ್ಲಿತ್ತು. ಇತ್ತ ಶೋಲ್ಜ್ ಅದೇ ನೆಲಮಾಳಿಗೆಯಲ್ಲಿ ಕೂತು ಆಲ್ಬಂನ ಬಹುಪಾಲು ಮುಗಿಸಿದರು. 1976ರ ಆಗಸ್ಟ್‌ನಲ್ಲಿ ಬಂದ ಆ ಆಲ್ಬಂ ಅಮೆರಿಕದಲ್ಲಿ 1.7 ಕೋಟಿ ಪ್ರತಿಗಳ ಪ್ರಮಾಣಪತ್ರ ಪಡೆದಿದೆ.

ಅಷ್ಟು ದೊಡ್ಡ ಗೆಲುವು ಅವರಿಗೆ ಸ್ವಾತಂತ್ರ್ಯ ಕೊಡಬೇಕಿತ್ತು. ಕೊಟ್ಟಿದ್ದು ಒತ್ತಡ. ಎರಡನೇ ಆಲ್ಬಂ ಬೇಗ ಬೇಕು ಎಂದು ಕಂಪನಿ ಪಟ್ಟು ಹಿಡಿಯಿತು. 1978ರಲ್ಲಿ ಅದು ಬಂತು, ಆದರೆ ಅವಸರದಲ್ಲಿ ಮಾಡಿದ ಕೆಲಸ ಎಂಬ ಬೇಸರ ಶೋಲ್ಜ್ ಅವರಿಗೆ ಉಳಿಯಿತು. ಮೂರನೆಯದಕ್ಕೆ ಅವರು ತಮಗೆ ಬೇಕಾದಷ್ಟು ಸಮಯ ತೆಗೆದುಕೊಂಡರು. ಎಪಿಕ್‌ನ ಮಾತೃಸಂಸ್ಥೆ ಸಿಬಿಎಸ್ 1983ರಲ್ಲಿ ದಾವೆ ಹೂಡಿತು. ಮೂರನೇ ಆಲ್ಬಂ ಬಂದದ್ದು 1986ರಲ್ಲಿ, ಎಂಸಿಎ ಎಂಬ ಬೇರೆ ಕಂಪನಿಯಿಂದ. ವರ್ಷಗಟ್ಟಲೆ ಎಳೆದ ಆ ಕೇಸಿನಲ್ಲಿ ಕೊನೆಗೆ ಶೋಲ್ಜ್ ಗೆದ್ದರು. ಒಬ್ಬ ಸಂಗೀತಗಾರನ ಜೀವನದ ಅತ್ಯಂತ ಫಲವತ್ತಾದ ವರ್ಷಗಳು ವಕೀಲರ ಕಚೇರಿಯಲ್ಲಿ ಕಳೆದುಹೋದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಹಳೆಯ ಕಾಲ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗಲೂ ಮೊದಲ ಆಲ್ಬಂಗಳಲ್ಲಿ ಬಹಳಷ್ಟು ಸದ್ದಿಲ್ಲದೆ ಮುಳುಗಿದವು. ಆದರೆ ಮೇಲೇರಲು ಒಂದು ಮೆಟ್ಟಿಲಿತ್ತು. 2000ನೇ ಇಸವಿಯವರೆಗೂ ಇತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ಲಿಂಕಿನ್ ಪಾರ್ಕ್‌ನ 'ಹೈಬ್ರಿಡ್ ಥಿಯರಿ' ಬಿಲ್‌ಬೋರ್ಡ್‌ನಲ್ಲಿ 16ನೇ ಜಾಗದಲ್ಲಿ ಶುರುವಾಯಿತು. ಒಂದನೇ ಜಾಗಕ್ಕೆ ಅದು ಬರಲೇ ಇಲ್ಲ, ಎರಡರಲ್ಲಿ ನಿಂತಿತು. ಆದರೂ 2001ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ. ವರ್ಷವಿಡೀ ಶೋ ಮೇಲೆ ಶೋ ಕೊಟ್ಟು, ವಾರವಾರವೂ ಸ್ವಲ್ಪ ಸ್ವಲ್ಪ ಮಾರಿ ಗಳಿಸಿದ ಗೆಲುವು ಅದು.

ಆಮೇಲೆ ಏನಾಯಿತು? ಮೊದಲು ಎಣಿಸುವ ರೀತಿ ಬದಲಾಯಿತು.

2014ರ ಡಿಸೆಂಬರ್‌ನಿಂದ ಬಿಲ್‌ಬೋರ್ಡ್ 200 ಪಟ್ಟಿ ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್‌ನಲ್ಲಿ ಹಾಡು ಕೇಳುವುದನ್ನೂ ಸೇರಿಸಿಕೊಂಡಿತು. ಒಂದು ಆಲ್ಬಂನ ಹಾಡುಗಳು 1,500 ಸಲ ಸ್ಟ್ರೀಮ್ ಆದರೆ ಒಂದು ಪ್ರತಿ ಮಾರಾಟವಾದಂತೆ ಲೆಕ್ಕ. 2018ರಲ್ಲಿ ದುಡ್ಡು ಕೊಟ್ಟು ಕೇಳುವವರದ್ದು 1,250 ಸಲಕ್ಕೆ ಒಂದು, ಜಾಹೀರಾತಿನ ನಡುವೆ ಪುಕ್ಕಟೆ ಕೇಳುವವರದ್ದು 3,750ಕ್ಕೆ ಒಂದು ಎಂದು ವಿಂಗಡಿಸಿದರು. 2025ರವರೆಗೆ ನಡೆದ ಆ ಲೆಕ್ಕದಲ್ಲಿ ಹತ್ತು ಹಾಡಿನ ಆಲ್ಬಂ ಒಂದನ್ನು ತೆಗೆದುಕೊಳ್ಳಿ. ಚಂದಾದಾರರಾದ ಒಬ್ಬರು ಅದನ್ನು ಮೊದಲಿಂದ ಕೊನೆಯವರೆಗೆ 125 ಸಲ ಕೇಳಿದರೆ ಒಂದು ಪ್ರತಿ ಮಾರಾಟ ಎಂದಾಗುತ್ತಿತ್ತು. ಪುಕ್ಕಟೆ ಕೇಳುವವರು 375 ಸಲ ಕೇಳಬೇಕಿತ್ತು. ಒಂದು ಆಲ್ಬಂ ಅನ್ನು 125 ಸಲ ಪೂರ್ತಿ ಕೇಳುವವರು ಅದನ್ನು ಪ್ರಾಣದಷ್ಟು ಪ್ರೀತಿಸುವವರು. ಅದೇ ಒಬ್ಬರು ಅಂಗಡಿಗೆ ಹೋಗಿ ಒಂದು ವಿನೈಲ್ (ಗ್ರಾಮಫೋನ್ ತಟ್ಟೆ) ಕೊಂಡರೆ, ಒಂದು ಸಲವೂ ಕೇಳದೆ ಶೆಲ್ಫ್‌ನಲ್ಲಿಟ್ಟರೂ, ಅದಕ್ಕೆ ಅಷ್ಟೇ ತೂಕ.

ಕಂಪನಿಗಳು ಇದನ್ನು ಬೇಗ ಅರ್ಥ ಮಾಡಿಕೊಂಡವು. ಮುಂಗಡವಾಗಿ ಕಾದಿರಿಸಿದ ಪ್ರತಿಗಳೆಲ್ಲ ಬಿಡುಗಡೆಯ ವಾರದ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ನಾಲ್ಕೈದು ಬಣ್ಣದ ವಿನೈಲ್, ಸಹಿ ಮಾಡಿದ ಸಿಡಿ, ಕ್ಯಾಸೆಟ್, ಅಂಗಡಿಯಲ್ಲಿ ಸಣ್ಣ ಶೋ ಜೊತೆ ಆಲ್ಬಂ. ಎಲ್ಲ ಒಂದೇ ವಾರಕ್ಕೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ಪ್ರತಿಗಳ ಸಂಖ್ಯೆ ಸಿಡಿಯನ್ನು ಮೀರಿತು. 1987ರ ನಂತರ ಅದೇ ಮೊದಲು. ವಿನೈಲ್ ಮರಳಿ ಬಂದದ್ದು ನನಗೂ ಸಂತೋಷವೇ. ಆದರೆ ಮೊದಲ ವಾರದ ಸಂಖ್ಯೆ ಈಗ ಹೇಳುವುದು, ಆಗಲೇ ಇರುವ ಅಭಿಮಾನಿಗಳು ಎಷ್ಟು ಗಟ್ಟಿ ಎಂಬುದನ್ನು. ಹೊಸಬರು ಎಷ್ಟು ಜನ ಬಂದರು ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಎರಡನೇ ವಾರ ಆಲ್ಬಂ ಪಟ್ಟಿಯಲ್ಲಿ ಧೊಪ್ಪನೆ ಬೀಳುವುದು ಮಾಮೂಲಾಗಿಬಿಟ್ಟಿದೆ.

ಬ್ರಿಟನ್‌ನ ಎರಡು ಆಲ್ಬಂಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಶೆಫೀಲ್ಡ್‌ನ ಆರ್ಕ್ಟಿಕ್ ಮಂಕೀಸ್ 2003ರಲ್ಲಿ ದ ಗ್ರೇಪ್ಸ್ ಎಂಬ ಪಬ್‌ನಲ್ಲಿ ಮೊದಲ ಶೋ ಕೊಟ್ಟರು. ಡೆಮೋ ಹಾಡುಗಳನ್ನು ಸಿಡಿಗೆ ಹಾಕಿ ಶೋಗಳಲ್ಲಿ ಪುಕ್ಕಟೆ ಹಂಚಿದರು. ಕೇಳಿದವರು ಅದನ್ನು ಇಂಟರ್ನೆಟ್‌ನಲ್ಲಿ ಹರಡಿದರು. ಬ್ಯಾಂಡ್ ತಡೆಯಲಿಲ್ಲ. 2005ರಲ್ಲಿ ಡೊಮಿನೋ ಎಂಬ ಸ್ವತಂತ್ರ ಕಂಪನಿ ಸೇರಿದರು. 2006ರ ಜನವರಿಯಲ್ಲಿ ಮೊದಲ ಆಲ್ಬಂ ಬಂದಾಗ ಒಂದೇ ವಾರದಲ್ಲಿ 3,63,735 ಪ್ರತಿ ಮಾರಾಟವಾಯಿತು. ಎರಡೂವರೆ ವರ್ಷದ ದುಡಿಮೆ ಒಂದು ವಾರದಲ್ಲಿ ಫಲ ಕೊಟ್ಟಿತು. ಹಾಡು ಪುಕ್ಕಟೆ ಸಿಕ್ಕರೆ ಯಾರೂ ಕೊಳ್ಳುವುದಿಲ್ಲ ಎಂದು ಆಗ ಹೆದರಿದ್ದವರಿಗೆಲ್ಲ ಅದೊಂದು ಉತ್ತರವಾಗಿತ್ತು.

2024ರ ಫೆಬ್ರವರಿಗೆ ಬನ್ನಿ. ದ ಲಾಸ್ಟ್ ಡಿನ್ನರ್ ಪಾರ್ಟಿ ಎಂಬ ಐವರ ಲಂಡನ್ ಬ್ಯಾಂಡ್‌ನ ಮೊದಲ ಆಲ್ಬಂ 'ಪ್ರಿಲ್ಯೂಡ್ ಟು ಎಕ್ಸ್‌ಟಸಿ' ಬಂತು. ಅಷ್ಟರಲ್ಲೇ ಬ್ರಿಟ್ಸ್ ರೈಸಿಂಗ್ ಸ್ಟಾರ್ ಪ್ರಶಸ್ತಿಯೂ ಬಿಬಿಸಿಯ ವರ್ಷದ ಹೊಸ ದನಿ ಎಂಬ ಗೌರವವೂ ಅವರಿಗೆ ಸಿಕ್ಕಿದ್ದವು. ಆಲ್ಬಂ ನೇರ ಒಂದನೇ ಜಾಗಕ್ಕೆ ಬಂತು. ಬ್ಯಾಂಡ್ ಒಂದರ ಮೊದಲ ಆಲ್ಬಂಗೆ ಬ್ರಿಟನ್‌ನಲ್ಲಿ ಒಂಬತ್ತು ವರ್ಷಗಳಲ್ಲೇ ದೊಡ್ಡ ಆರಂಭ ಎಂದು ಸುದ್ದಿಯಾಯಿತು. ಆ ದೊಡ್ಡ ಆರಂಭದ ಸಂಖ್ಯೆ ಎಷ್ಟು ಗೊತ್ತಾ? 33 ಸಾವಿರದ ಆಸುಪಾಸು. ಆರ್ಕ್ಟಿಕ್ ಮಂಕೀಸ್ ಮಾರಿದ್ದರ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಆಲ್ಬಂ ಬಂದ ವರ್ಷವೇ ಅವರು ದೇಹ ಮತ್ತು ಮನಸ್ಸು ಎರಡೂ ದಣಿದಿವೆ ಎಂದು ಹೇಳಿ ಕೆಲವು ಶೋಗಳನ್ನು ಕೈಬಿಡಬೇಕಾಯಿತು. ಹಾಡು ಕೇಳುವವರಿಂದ ಬರುವ ದುಡ್ಡು ಸಾಲದಾದಾಗ ರಸ್ತೆಯೇ ಆದಾಯ. ಎಲ್ಲರೂ ಕೊಂಡಾಡುತ್ತಿದ್ದ ಬ್ಯಾಂಡ್‌ನ ಪಾಡೇ ಹೀಗಾದರೆ ಉಳಿದವರದ್ದು ಹೇಗಿರಬಹುದು, ಯೋಚಿಸಿ.

ಎರಡನೇ ಕಾರಣದ ಬಗ್ಗೆ ಚರ್ಚೆ ಕಡಿಮೆ. ನನ್ನ ಪ್ರಕಾರ ಅದೇ ದೊಡ್ಡದು. 1987ರಲ್ಲಿ ಅಂಗಡಿಯ ಮುಂದಿನ ಸಾಲಿನಲ್ಲಿ ಹೊಸ ಆಲ್ಬಂ ಇರುತ್ತಿತ್ತು. ಹಳೆಯದು ಹಿಂದಿನ ಸಾಲಿಗೆ ಹೋಗುತ್ತಿತ್ತು. ಫೋನಿನಲ್ಲಿ ಹಿಂದಿನ ಸಾಲು ಎಂಬುದೇ ಇಲ್ಲ. ಅಮೆರಿಕದಲ್ಲಿ ಈಗ ಜನ ಕೇಳುವ ಸಂಗೀತದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು, ಬಂದು ಒಂದೂವರೆ ವರ್ಷಕ್ಕಿಂತ ಹಳೆಯದಾದದ್ದು. 'ಸ್ವೀಟ್ ಚೈಲ್ಡ್ ಓ ಮೈನ್' ವಿಡಿಯೋ 2019ರಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿತು. 1980ರ ದಶಕದ ಹಾಡಿನ ವಿಡಿಯೋಗಳಲ್ಲಿ ಅಲ್ಲಿಗೆ ಮೊದಲು ತಲುಪಿದ್ದು ಅದೇ. ಇವತ್ತಿನ ಹೊಸ ಬ್ಯಾಂಡ್ ಒಂದರ ಮೊದಲ ಆಲ್ಬಂ ಪೈಪೋಟಿ ನಡೆಸಬೇಕಾಗಿರುವುದು ತನ್ನ ಓರಗೆಯವರ ಜೊತೆ ಮಾತ್ರ ಅಲ್ಲ. 1987ರ ಆ ಮೊದಲ ಆಲ್ಬಂ ಜೊತೆಗೂ. ಅದಕ್ಕೆ ಮೂವತ್ತೈದು ವರ್ಷಕ್ಕೂ ಮಿಕ್ಕಿದ ಹೆಸರಿದೆ. ಇದಕ್ಕೆ ಒಂದು ವಾರ ಇದೆ.

ಒಳ್ಳೆಯ ಬದಲಾವಣೆಗಳೂ ಆಗಿವೆ, ಅದನ್ನು ಮುಚ್ಚಿಡಬಾರದು. ಶೋಲ್ಜ್ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಸೌಲಭ್ಯ ಈಗ ಒಂದು ಲ್ಯಾಪ್‌ಟಾಪ್‌ನಲ್ಲಿದೆ. ಕಂಪನಿಯ ಮುಂಗಡ ಇಲ್ಲದೆಯೇ ಆಲ್ಬಂ ಮಾಡಬಹುದು, ಬಿಡುಗಡೆ ಮಾಡಬಹುದು, ಹಕ್ಕುಗಳನ್ನು ಪೂರ್ತಿ ತಮ್ಮ ಹತ್ತಿರವೇ ಇಟ್ಟುಕೊಳ್ಳಬಹುದು. ಹಾಗೆ ಮಾಡಿದ ಬ್ಯಾಂಡ್‌ಗೆ ಸಾಲದ ಖಾತೆ ಇಲ್ಲ. ಹಳೆಯ ಹಾಡೊಂದು ಯಾರದೋ ಪುಟ್ಟ ವಿಡಿಯೋದಿಂದ ವರ್ಷಗಳ ಮೇಲೆ ಜನರಿಗೆ ಮುಟ್ಟುವುದೂ ಇದೆ. ಆದರೆ ಈ ದಾರಿಯಲ್ಲಿ ಕೈಗೆ ಬರುವ ದುಡ್ಡು ತೀರಾ ಸಣ್ಣದು. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಕೊಡುವುದನ್ನೇ ನಿಲ್ಲಿಸಿದೆ. ಮೊದಲ ಹೆಜ್ಜೆ ಇಡುತ್ತಿರುವವರಿಗೇ ಆ ಏಟು ಬೀಳುವುದು. ಜೊತೆಗೆ, ಹಕ್ಕು ಕೈಯಲ್ಲಿದ್ದರೂ ಝೂಟಾಟ್ ಥರದವರು ಒಬ್ಬರು ಬೇಕು. 2 ಲಕ್ಷದಲ್ಲಿ ನಿಂತ ಆಲ್ಬಂ ಹಿಡಿದುಕೊಂಡು ಮಾಲೀಕರ ಬಾಗಿಲು ತಟ್ಟುವವರು. ಆ ಕೆಲಸವನ್ನು ಲ್ಯಾಪ್‌ಟಾಪ್ ಮಾಡಿಕೊಡುವುದಿಲ್ಲ.

ಮೂರನೇ ಕಾರಣ, ನುಡಿಸಲು ಬೇಕಾದ ಜಾಗ. ಬ್ಯಾಂಡ್ ನುಡಿಸಿ ನುಡಿಸಿ ಹದವಾಗುವುದು ನೂರು, ಇನ್ನೂರು ಜನ ಹಿಡಿಸುವ ಸಣ್ಣ ಕ್ಲಬ್‌ಗಳಲ್ಲಿ. ಯಾವ ಹಾಡಿಗೆ ಜನ ಮುಂದೆ ನುಗ್ಗುತ್ತಾರೆ, ಯಾವುದಕ್ಕೆ ಬಾರ್ ಕಡೆ ತಿರುಗುತ್ತಾರೆ ಎಂಬುದು ಅಲ್ಲಿ ಅವತ್ತೇ ಗೊತ್ತಾಗುತ್ತದೆ. ಮೊದಲ ಆಲ್ಬಂಗಳಲ್ಲಿ ಎಷ್ಟೋ ಸಲ ಒಂದು ವಿಶೇಷ ಬಲ ಇರುವುದು ಇದರಿಂದಲೇ. ಅವುಗಳ ಹಾಡುಗಳು ಸ್ಟುಡಿಯೋಗೆ ಹೋಗುವ ಮುಂಚೆ ಹತ್ತಾರು ಸಲ ಜನರ ಮುಂದೆ ಪರೀಕ್ಷೆ ಪಾಸಾಗಿರುತ್ತವೆ. ಸಣ್ಣ ವೇದಿಕೆಗಳ ಪರ ಕೆಲಸ ಮಾಡುವ ಬ್ರಿಟನ್‌ನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಪ್ರಕಾರ 2023ರ ಒಂದೇ ವರ್ಷದಲ್ಲಿ ಅಲ್ಲಿ ಇಂಥ 125 ಸಣ್ಣ ವೇದಿಕೆಗಳು ಕೈಬಿಟ್ಟುಹೋದವು. ಬಾಡಿಗೆ ಏರಿದೆ, ಕರೆಂಟ್ ಬಿಲ್ ಏರಿದೆ, ಅಕ್ಕಪಕ್ಕ ಹೊಸ ಅಪಾರ್ಟ್‌ಮೆಂಟ್ ಬಂದರೆ ಶಬ್ದದ ದೂರು.

ಪರಿಹಾರ ಒಂದು ಮೇಜಿನ ಮೇಲಿದೆ. ಸ್ಟೇಡಿಯಂ ಮತ್ತು ಅರೀನಾಗಳ ದೊಡ್ಡ ಶೋಗಳಲ್ಲಿ ಪ್ರತಿ ಟಿಕೆಟ್‌ನಿಂದ 1 ಪೌಂಡ್ ತೆಗೆದು ಸಣ್ಣ ವೇದಿಕೆಗಳಿಗೆ ಕೊಡುವ ಯೋಜನೆ. ಬ್ರಿಟನ್ ಸರ್ಕಾರ 2024ರ ನವೆಂಬರ್‌ನಲ್ಲಿ ಇದಕ್ಕೆ ಬೆಂಬಲ ಹೇಳಿತು, ಆದರೆ ಇಷ್ಟವಿದ್ದವರು ಕೊಡಲಿ ಎಂಬ ರೂಪದಲ್ಲಿ. ಕೋಲ್ಡ್‌ಪ್ಲೇ 2025ರ ತಮ್ಮ ಬ್ರಿಟನ್ ಶೋಗಳ ಗಳಿಕೆಯಲ್ಲಿ ಹತ್ತನೇ ಒಂದು ಪಾಲನ್ನು ಮ್ಯೂಸಿಕ್ ವೆನ್ಯೂ ಟ್ರಸ್ಟ್‌ಗೆ ಕೊಡುವುದಾಗಿ ಘೋಷಿಸಿತು. ಅದು ದೊಡ್ಡ ಮನಸ್ಸು. ಆದರೆ ಒಬ್ಬೊಬ್ಬ ಕಲಾವಿದರ ಮನಸ್ಸಿನ ಮೇಲೆ ಇಡೀ ವ್ಯವಸ್ಥೆ ನಿಲ್ಲಬಾರದು. ನೂರಾರು ಪೌಂಡ್ ಬೆಲೆಯ ಟಿಕೆಟ್‌ಗಳೂ ಮಾರಾಟವಾಗುವ ಮಾರುಕಟ್ಟೆಯಲ್ಲಿ 1 ಪೌಂಡ್ ಯಾರಿಗೂ ಭಾರವಲ್ಲ. ಅದನ್ನು ಕಡ್ಡಾಯ ಮಾಡಬೇಕು, ಮತ್ತು ಆ ದುಡ್ಡಿನ ಒಂದು ಪಾಲು ಕಟ್ಟಡಗಳಿಗಷ್ಟೇ ಅಲ್ಲದೆ ಮೊದಲ ಆಲ್ಬಂ ಇಟ್ಟುಕೊಂಡು ವ್ಯಾನಿನಲ್ಲಿ ಊರೂರು ಸುತ್ತುತ್ತಿರುವ ಬ್ಯಾಂಡ್‌ಗಳ ಟೂರ್ ಖರ್ಚಿಗೂ ಹೋಗಬೇಕು. ಗೆಫೆನ್ ಕಂಪನಿ 1987ರಲ್ಲಿ ಒಂದು ವರ್ಷ ಹಿಡಿದು ಕೊಟ್ಟ ನೆರವನ್ನು ಇವತ್ತು ಯಾವ ಕಂಪನಿಯೂ ತಾನಾಗಿ ಕೊಡುವ ಲಕ್ಷಣ ಕಾಣುತ್ತಿಲ್ಲ.